ಮೂರನೇ ಹಂತದ ಪೈಲ್ಸ್‌ಗೆ ಆಪರೇಷನ್ ಅಂದಿದ್ದಾರೆ. ಲೇಸರ್, ಸ್ಟೇಪ್ಲರ್, ಯಾವುದು ವಾಸಿ?

ಬೆಂಗಳೂರಲ್ಲಿ ಗೋಡೆ ಗೋಡೆಗೂ ‘ಲೇಸರ್, ನೋವಿಲ್ಲ’ ಅಂತ ಪೋಸ್ಟರ್ ಇರುತ್ತದೆ, ಅಲ್ವಾ? ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಮೂರನೇ ಹಂತ ಅಂದರೆ ಗಂಟು ಹೊರಗೆ ಬರುತ್ತದೆ, ಬೆರಳಲ್ಲಿ ತಳ್ಳಿದರೆ ಒಳಗೆ ಹೋಗುತ್ತದೆ.

ಗಂಟು ತೀರಾ ದೊಡ್ಡದಲ್ಲದಿದ್ದರೆ ಮೊದಲು ಬ್ಯಾಂಡಿಂಗ್ ಬಗ್ಗೆ ಕೇಳಿ. ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ರಕ್ತ ಸಿಗದೆ ಗಂಟು ಒಣಗಿ ಕೆಲವು ದಿನಗಳಲ್ಲಿ ತಾನೇ ಉದುರುತ್ತದೆ, ಸಾಮಾನ್ಯವಾಗಿ ಅಡ್ಮಿಟ್ ಆಗೋದೂ ಬೇಡ.

ಕತ್ತರಿಸಿ ತೆಗೆಯುವ ಹಳೇ ಆಪರೇಷನ್‌ನ ಈಗಿನ ವಿಧಾನ 1937ರಿಂದ ಇದೆ. ನೋವು ಜಾಸ್ತಿ, ಎರಡು ಮೂರು ವಾರ ಸಿಲ್ಕ್ ಬೋರ್ಡ್ ಕಡೆ ಬೈಕ್ ಓಡಿಸೋದು ಮರೆತುಬಿಡಿ. ಆದರೆ ಮತ್ತೆ ಬರುವ ಸಾಧ್ಯತೆ ಇದರಲ್ಲೇ ಕಡಿಮೆ. ಸ್ಟೇಪ್ಲರ್ ಗಂಟನ್ನು ಮೇಲಕ್ಕೆ ಎಳೆದು ಕೂರಿಸುತ್ತದೆ. ನೋವು ಕಮ್ಮಿ, ಮರುಕಳಿಸೋದು ಜಾಸ್ತಿ, ಹೊರಗಿನ ಗಂಟಿಗೆ ಉಪಯೋಗವಿಲ್ಲ. ಲೇಸರ್‌ನಲ್ಲೂ ಬೇಗ ಓಡಾಡಬಹುದು, ಆದರೆ ದೊಡ್ಡ ಗಂಟಿಗೆ ನಾನಾಗಿದ್ದರೆ ಹಳೇದನ್ನೇ ಆರಿಸುತ್ತಿದ್ದೆ.

ಯಾವುದೇ ಮಾಡಿಸಿ, ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಕೂರಿ. ಸೊಪ್ಪು, ಮುದ್ದೆ ತಿನ್ನಿ. ಟಾಯ್ಲೆಟ್‌ನಲ್ಲಿ ತಿಣುಕಬೇಡಿ. ಫೋನ್ ಟಾಯ್ಲೆಟ್ ಹೊರಗೇ ಇರಲಿ.