ದಾವಣಗೆರೆ ಸುತ್ತಮುತ್ತ ಸಮಾಧಿ ಕಲ್ಲುಗಳ ಫೋಟೊ ತೆಗೆದು ದಾಖಲಿಸಲು ಎಲ್ಲಿಂದ ಆರಂಭಿಸಬೇಕು?

ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್‌ನಂಥ, ಸಮಾಧಿಗಳ ಫೋಟೊ ಮತ್ತು ವಿವರ ಕೂಡಿಡುವ ಜಾಲತಾಣಗಳಿಗೆ ಸ್ವಯಂಸೇವಕರು ಫೋಟೊ ಕಳಿಸುವಂತೆ ನಮ್ಮ ಜಿಲ್ಲೆಯಲ್ಲೂ ಮಾಡಬಹುದೇ, ಯಾವ ಸ್ಮಶಾನ ಮೊದಲು ಎಂದು ಕೇಳಿದ್ದೀರಿ. ಖಂಡಿತ ಮಾಡಿ. ಆದರೆ ಸ್ಮಶಾನಕ್ಕಿಂತ ಮೊದಲು ಹೊಲಗಳಿಗೆ ಹೋಗಿ. ದಾವಣಗೆರೆ, ಹರಿಹರ, ಜಗಳೂರು ಕಡೆ ಬಿಡುವಾದಾಗಲೆಲ್ಲ ಇದೇ ಕೆಲಸ ಮಾಡುತ್ತಾ ಬಂದವನಾಗಿ ಹೇಳುತ್ತಿದ್ದೇನೆ.

ಚರ್ಚಿನವರ ಬಳಿ ಸಾಮಾನ್ಯವಾಗಿ ರಿಜಿಸ್ಟರ್ ಇರುತ್ತದೆ. ಖಬರಸ್ತಾನಕ್ಕೆ ಸಮಿತಿ ಇರುತ್ತದೆ. ಲಿಂಗಾಯತರಲ್ಲಿ ಹೂಳುವ ಪದ್ಧತಿ ಇರುವುದರಿಂದ ಎಷ್ಟೋ ಮನೆತನಗಳ ಹಿರಿಯರ ಸಮಾಧಿಗಳು ಸ್ವಂತ ಹೊಲದ ಬದುವಿನಲ್ಲೋ ತೋಟದ ಮೂಲೆಯಲ್ಲೋ ಇವೆ. ಅವುಗಳ ಪಟ್ಟಿ ಯಾರೂ ಇಟ್ಟಿಲ್ಲ. ಅಣ್ಣತಮ್ಮಂದಿರ ಪಾಲಾಗಿ, ಜಮೀನು ಮಾರಾಟವಾಗಿ, ಬಡಾವಣೆ ಎದ್ದರೆ ಮೂರು ತಲೆಮಾರಿನ ಹೆಸರು ಒಂದೇ ಬೆಳಿಗ್ಗೆ ಜೆಸಿಬಿ ಬಾಯಿಗೆ ಹೋಗುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಯಲ್ಲಿ ತೀರಿಕೊಂಡ ಅಜ್ಜಿಯ ಹೆಸರು ಬರಹದಲ್ಲಿ ಉಳಿದಿದ್ದರೆ, ಅನೇಕ ಮನೆಗಳಲ್ಲಿ ಅದು ಆ ಕಲ್ಲಿನ ಮೇಲೆ ಮಾತ್ರ.

ಹೊಲಕ್ಕೆ ಇಳಿಯುವ ಮುನ್ನ ಮನೆಯ ಯಜಮಾನರನ್ನು ಕಾಣಿರಿ. ಜಮೀನಿನ ತಕರಾರಿಗೆ ಬಂದವರೇನೋ ಎಂಬ ಅನುಮಾನ ಸಹಜ, ಅವಸರ ಮಾಡಬೇಡಿ. ಮನೆಯವರೊಬ್ಬರು ಜೊತೆಗೆ ಬಂದರೆ ಕಲ್ಲಿನಲ್ಲಿ ಇಲ್ಲದ್ದೂ ಸಿಗುತ್ತದೆ: ಪಕ್ಕದ ಹೆಸರಿಲ್ಲದ ಸಣ್ಣ ಕಟ್ಟೆ ಯಾರದು, ಸೊಸೆಯ ತವರು ಯಾವುದು. ಆ ಮನೆಗೆ ಹೆಳವರು ಬರುತ್ತಾರೆಯೇ ಎಂದೂ ವಿಚಾರಿಸಿ. ವಂಶಾವಳಿ ಹೇಳುವುದೇ ಅವರ ಕುಲಕಸುಬು. ಕಲ್ಲಿನ ಹೆಸರನ್ನು ಅವರ ಮಾತಿನೊಂದಿಗೆ ತಾಳೆ ನೋಡಲು ಸಿಗುವುದು ನಮ್ಮ ಭಾಗದ ಭಾಗ್ಯ.

ಚಪ್ಪಲಿ ಹೊರಗೆ ಬಿಡಿ. ಹೂವು, ವಿಭೂತಿ, ಎಣ್ಣೆಯ ಜಿಡ್ಡು ಎಲ್ಲವೂ ಇದ್ದ ಹಾಗೆಯೇ ಮೊದಲ ಫೋಟೊ ತೆಗೆಯಿರಿ. ಆಮೇಲೆ ಮನೆಯವರೇ ಹೂವು ಸರಿಸಲಿ. ನಾಲ್ಕೂ ಬದಿ ಬೇಕು, ಏಕೆಂದರೆ ಕಟ್ಟಿಸಿದವರ ಹೆಸರು ಹಿಂದುಗಡೆ ಇರುವುದುಂಟು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕಿಗೆ ಕಾಯಿರಿ, ನೆರಳಿದ್ದರೆ ಪಕ್ಕದಿಂದ ಕನ್ನಡಿ ಹಿಡಿದು ಬಿಸಿಲು ಹಾಯಿಸಿ. ಧೂಳಿಗೆ ಮೆತ್ತನೆಯ ಬ್ರಷ್, ಬರೀ ನೀರು, ಅಷ್ಟೇ. ತಂತಿ ಬ್ರಷ್, ಸೀಮೆಸುಣ್ಣ, ಸೋಪು, ಬ್ಲೀಚಿಂಗ್ ಪುಡಿ ಯಾವುದೂ ಬೇಡ. ವರ್ಷವರ್ಷ ಬಳಿದ ಸುಣ್ಣದ ಪದರವನ್ನು ಕೆರೆಯಲೂ ಹೋಗಬೇಡಿ. ಅದರ ಜೊತೆಗೆ ಅಕ್ಷರದ ಅಂಚೂ ಉದುರುತ್ತದೆ.

ಹೆಚ್ಚು ಕಾಲ ಹಿಡಿಯುವುದು ತಾರೀಖು ಓದುವುದು. ಜಗಳೂರು ಕಡೆಯ ಒಂದು ಕಲ್ಲಿನಲ್ಲಿ ಶಕವರ್ಷದ ಮೊದಲ ಎರಡು ಅಂಕಿ, 18, ಮಾತ್ರ ಉಳಿದು ಮಿಕ್ಕದ್ದು ಚಕ್ಕೆಯೆದ್ದು ಹೋಗಿತ್ತು. ಸಂವತ್ಸರದ ಹೆಸರು ಕೀಲಕ ಎಂದು ಸ್ಪಷ್ಟವಾಗಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶಕ 1830 ಕೂಡ ಕೀಲಕ, 1890 ಕೂಡ ಕೀಲಕ. ಅಂದರೆ ಇಸವಿ 1908 ಅಥವಾ 1968. ತಿಥಿಯ ಜೊತೆ ವಾರವನ್ನೂ ಕೆತ್ತಿದ್ದರಿಂದ ಹಳೆಯ ಪಂಚಾಂಗದಲ್ಲಿ ಹೊಂದಿಸಿ ನೋಡಿದಾಗ 1908 ಎಂದು ಗೊತ್ತಾಯಿತು. ಶಕಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ನಿಜ, ಆದರೆ ಮಾಘವೋ ಫಾಲ್ಗುಣವೋ ಆಗಿದ್ದರೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಗೋರಿಗಳ ಮೇಲಿನ ಹಿಜರಿ ವರ್ಷವೂ ಹೀಗೆಯೇ ಎರಡು ಇಸವಿಗಳಿಗೆ ಹಂಚಿಕೊಂಡಿರುತ್ತದೆ: 1342 ಎಂದರೆ 1923ರ ಆಗಸ್ಟ್‌ನಿಂದ 1924ರ ಆಗಸ್ಟ್‌ವರೆಗೆ. ಆದ್ದರಿಂದ ಕಲ್ಲಿನಲ್ಲಿರುವುದನ್ನು ಕಾಗುಣಿತದ ತಪ್ಪು ಸಹಿತ ಇದ್ದ ಹಾಗೆ ಬರೆಯಿರಿ, ನಿಮ್ಮ ಲೆಕ್ಕವನ್ನು ಪ್ರತ್ಯೇಕ ಸಾಲಿನಲ್ಲಿಡಿ.

ಹರಿಹರದ ಹತ್ತಿರ 1865ರವರೆಗೆ ಬ್ರಿಟಿಷರ ಕಾಲದ ಸೈನ್ಯದ ದಂಡು (ಕಂಟೋನ್ಮೆಂಟ್) ಇತ್ತು. ಆ ಕಾಲದ ಇಂಗ್ಲಿಷ್ ಬರಹದ ಒಡೆದ ತುಂಡು ಕಂಡರೂ ಜಾಗ ಬದಲಿಸದೆ ಫೋಟೊ ತೆಗೆಯಿರಿ.

ತಾಣಕ್ಕೆ ಹಾಕುವಾಗ ಬದುಕಿರುವ ಮಕ್ಕಳು, ಮೊಮ್ಮಕ್ಕಳ ಹೆಸರು ಬಿಟ್ಟುಬಿಡಿ. ಮನೆಯವರು ಒಪ್ಪದಿದ್ದರೆ ಏನನ್ನೂ ಹಾಕಬೇಡಿ, ಒಂದು ಪ್ರತಿಯನ್ನು ಅವರಿಗೇ ಅಚ್ಚು ಹಾಕಿಸಿಕೊಡಿ. ನೀವು ಯಾವ ತಾಲ್ಲೂಕಿನವರೆಂದು ತಿಳಿಸಿ. ಓದಲು ಬಾರದ ಕಲ್ಲು ಸಿಕ್ಕರೆ ಫೋಟೊ ಇಲ್ಲಿಯೇ ಹಾಕಿ, ಕೂಡಿ ಓದೋಣ.