ಜೋಳ ಬೆಳೆಯುವ ನಾಡಲ್ಲಿ ಹಸಿವು ಯಾಕೆ?

ಪ್ರಶ್ನೆ: ಆಫ್ರಿಕಾದ ಚಾಡ್ ದೇಶದಲ್ಲೂ ನಮ್ಮ ಹಾಗೆ ಜೋಳ, ಸಜ್ಜೆ ಬೆಳೆಯುತ್ತಾರಂತೆ. ಆದರೂ ಅಲ್ಲಿ ಊಟಕ್ಕೆ ಅಷ್ಟು ತತ್ವಾರ ಯಾಕೆ? ಅವರಿಗೆ ಒಕ್ಕಲುತನ ಸರಿಯಾಗಿ ಬರಲ್ವಾ?
– ಓದುಗರೊಬ್ಬರು, ನರಗುಂದ

ಉತ್ತರ: ಚೆನ್ನಾಗಿಯೇ ಬರುತ್ತದೆ. ಯರಿ ಹೊಲದ ನರಗುಂದದವರಾದ ನಿಮಗೆ ಅವರ ‘ಬೆರ್ಬೆರೆ’ ಜೋಳದ ವಿಷಯ ಹೇಳಲೇಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ಕಪ್ಪು ಜಿಗಟು ನೆಲದಲ್ಲಿ ಅವರು ಬೀಜ ಬಿತ್ತುವುದಿಲ್ಲ. ಬೇರೆ ಕಡೆ ಸಸಿ ಮಾಡಿಕೊಳ್ಳುತ್ತಾರೆ. ನೀರು ಇಳಿದ ಮೇಲೆ ದಪ್ಪ ಗೂಟದಿಂದ ಕುಣಿ ಹೊಡೆದು, ನೀರು ಹಾಕಿ, ಒಂದೊಂದೇ ಕುಣಿಗೆ ಸಸಿ ಊರುತ್ತಾರೆ. ಆಮೇಲೆ ಮಳೆಯಿಲ್ಲ, ನೆಲದ ಹಸಿಯಲ್ಲೇ ತೆನೆ ಕಟ್ಟುತ್ತದೆ. ನಮ್ಮ ಹಿಂಗಾರಿ ಜೋಳವೂ ಹಾಗೇ ಅಲ್ವಾ? ಆದರೆ ನಮಗೆ ಕೂರಿಗೆ ಇದೆ, ಅವರದು ಎಲ್ಲ ಕೈಕೆಲಸ. ಅಣ್ಣಿಗೇರಿ ಕಡೆಯ ಯರಿ ಹೊಲದಲ್ಲಿ ಬೆಳೆದ ನನಗೆ ಆ ರೈತರ ಮೇಲೆ ತುಂಬಾ ಗೌರವ.

ತೊಂದರೆ ಶುರುವಾಗುವುದು ರಾಶಿ ಆದ ಮೇಲೆ. ಸಾಲಕ್ಕೆ, ಔಷಧಕ್ಕೆ ಅಂತ ರೈತ ಕೂಡಲೇ ಕಾಳು ಮಾರುತ್ತಾನೆ. ಆಗ ದರ ಇರುವುದಿಲ್ಲ. ಜೂನ್ ಹೊತ್ತಿಗೆ ಕಣಜ ಖಾಲಿ. ಮಳೆ ಬೆಳೆ ಕೈಗೆ ಬರುವುದು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿಗೆ. ಅಲ್ಲಿತನಕ ತಾನು ಮಾರಿದಂಥ ಕಾಳನ್ನೇ ಜಾಸ್ತಿ ದುಡ್ಡು ಕೊಟ್ಟು ತರಬೇಕು. ಬಿತ್ತನೆ, ಕಳೆ ಅಂತ ಹೊಲದಲ್ಲಿ ಮೈ ಮುರಿಯುವ ದಿನಗಳೂ ಅವೇ. ಹೊಟ್ಟೆಗೆ ಬೇಕಾದಾಗಲೇ ಇಲ್ಲ ಅನ್ನುವುದು ನನಗೆ ತುಂಬಾ ನೋವು ಕೊಡುವ ಸಂಗತಿ. ಮಳೆಗೆ ಕಚ್ಚಾ ರಸ್ತೆಗಳು ಕೆಡುತ್ತವೆ, ದಕ್ಷಿಣದ ಕಾಳು ಪೂರ್ವಕ್ಕೆ ಹೋಗುವುದಿಲ್ಲ. ದೇಶಕ್ಕೆ ಸಮುದ್ರವೂ ಇಲ್ಲ. ಹೊರಗಿನ ಧಾನ್ಯ ಕ್ಯಾಮರೂನಿನ ದುವಾಲಾ ಬಂದರಿನಲ್ಲಿ ಇಳಿದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿ ಸವೆಸಬೇಕು.

ಇದರ ಮೇಲೆ 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧ ಶುರುವಾಯಿತು. ಲಕ್ಷಗಟ್ಟಲೆ ಜನ ಗಡಿ ದಾಟಿ ಪೂರ್ವದ ಅದ್ರೆ ಊರಿನ ಕಡೆ ಬಂದರು. ಮೊದಲೇ ಕಾಳಿನ ಕೊರತೆ ಇದ್ದ ಭಾಗ ಅದು. 2024ರ ಫೆಬ್ರವರಿಯಲ್ಲಿ ಸರಕಾರ ಆಹಾರದ ತುರ್ತು ಪರಿಸ್ಥಿತಿ ಘೋಷಿಸಿತು. 2022ರಲ್ಲೂ ಘೋಷಿಸಿತ್ತು.

ಅಲ್ಲಿನ ಸರಕಾರಿ ಸಂಸ್ಥೆ ‘ಒನಾಸಾ’ ಕಾಳು ಕೂಡಿಟ್ಟು ಕಷ್ಟದ ತಿಂಗಳಲ್ಲಿ ಕಡಿಮೆ ದರಕ್ಕೆ ಮಾರುತ್ತದೆ. ಆದರೆ ನನಗೆ ಜಾಸ್ತಿ ಭರವಸೆ ಇರುವುದು ಹಳ್ಳಿಯವರೇ ನಡೆಸುವ ಧಾನ್ಯ ಬ್ಯಾಂಕಿನ ಮೇಲೆ. ರಾಶಿಯ ಕಾಲಕ್ಕೆ ಕೊಂಡಿಟ್ಟುಕೊಂಡು, ಮಳೆಗಾಲದಲ್ಲಿ ಸಾಲವಾಗಿ ಕೊಡುವುದು, ಹೊಸ ಕಾಳು ಬಂದಾಗ ವಾಪಸ್ ಅಳೆದುಕೊಳ್ಳುವುದು. ಕಾಳು ಊರಲ್ಲೇ ಇರುತ್ತದೆ, ರಸ್ತೆ ಕೆಟ್ಟರೂ ಚಿಂತೆಯಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ಸಾಲದ ಕಾಳು ತಿರುಗಿ ಬರುವುದಿಲ್ಲ, ಬ್ಯಾಂಕು ಬರಿದಾಗುತ್ತದೆ. ಅಂಥ ವರ್ಷ ಸರಕಾರ, ದಾನಿ ದೇಶಗಳು ಅದನ್ನು ಮತ್ತೆ ತುಂಬಿಕೊಡಬೇಕು. ಅದೂ ಜೂನ್ ಬರುವ ಮೊದಲೇ.