ಬ್ರಿಟನ್ನಿನಲ್ಲಿ ಸಾಮಾನ್ಯ ಕಾರ್ ಲೈಸೆನ್ಸ್‌ನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಕಟ್ಟುವ, ಮನೆಯಂಥ ಟ್ರೈಲರ್) ಎಳೆಯಬಹುದೇ? ಯುರೋಪಿಗೂ ಒಯ್ಯಬಹುದೇ?

ಎಳೆಯಬಹುದು. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಡಿಸೆಂಬರ್ 16ರಿಂದ ಕಾರ್ ಲೈಸೆನ್ಸ್ ಇದ್ದವರು 3,500 ಕಿಲೋ ವರೆಗಿನ ಟ್ರೈಲರ್ ಎಳೆಯಬಹುದು. ಪ್ರತ್ಯೇಕ ಪರೀಕ್ಷೆ ಬೇಕಿಲ್ಲ.

ಆದರೆ ಲೈಸೆನ್ಸ್ ಅನುಮತಿಸಿದ್ದನ್ನೆಲ್ಲ ನಿಮ್ಮ ಕಾರು ಎಳೆಯಲಾರದು. ಹೆಚ್ಚಿನವರು ಎಡವುವುದು ಇಲ್ಲೇ. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಒಂದು ಪುಟ್ಟ ತಗಡಿನ ಫಲಕವಿರುತ್ತದೆ. ಅದರಲ್ಲಿ ಕಾರು ಮತ್ತು ಟ್ರೈಲರ್ ಸೇರಿದ ಗರಿಷ್ಠ ತೂಕವಿರುತ್ತದೆ. ಅದರಿಂದ ಕಾರಿನ ಗರಿಷ್ಠ ತೂಕವನ್ನು ಕಳೆದರೆ ಎಷ್ಟು ಎಳೆಯಬಹುದೆಂದು ತಿಳಿಯುತ್ತದೆ. ಜೋಡಿ ತೂಕವೇ ನಮೂದಾಗಿಲ್ಲದಿದ್ದರೆ ಆ ಕಾರಿಗೆ ಟ್ರೈಲರ್ ಕಟ್ಟುವ ಯೋಚನೆಯನ್ನೇ ದಯವಿಟ್ಟು ಬಿಡಿ. ಇಷ್ಟು ಬಿಗಿ ಏಕೆಂದರೆ, ಬ್ರೇಕ್ ಹಾಕಿದಾಗ ಹಿಂದಿನ ಭಾರವೆಲ್ಲ ಕಾರನ್ನು ಮುಂದಕ್ಕೆ ನೂಕುತ್ತದೆ. 750 ಕಿಲೋ ಮೀರಿದ ಟ್ರೈಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯವಾಗಿರುವುದೂ ಇದಕ್ಕೇ. ಕೊಂಡಿ ಕಳಚಿದರೆ ಆ ಬ್ರೇಕನ್ನು ತಾನಾಗಿ ಎಳೆಯುವ ತೆಳು ಉಕ್ಕಿನ ಕೇಬಲ್ ಇರುತ್ತದೆ. ಹೊರಡುವ ಮುನ್ನ ಅದನ್ನು ಕಾರಿಗೆ ಸಿಕ್ಕಿಸಿದ್ದೀರಾ ಎಂದು ಬಗ್ಗಿ ನೋಡಿ.

ವೇಗ: ಟ್ರೈಲರ್ ಇದ್ದಾಗ ಬ್ರಿಟನ್ನಿನ ಮೋಟಾರ್‌ವೇಯಲ್ಲಿ ಗಂಟೆಗೆ 60 ಮೈಲಿ. ಮೂರು ಅಥವಾ ಹೆಚ್ಚು ಲೇನ್‌ಗಳಿದ್ದರೆ ಬಲತುದಿಯ ಲೇನ್ ಸಾಮಾನ್ಯವಾಗಿ ನಿಷಿದ್ಧ.

ಯುರೋಪಿಗೂ ಒಯ್ಯಬಹುದು, ಆದರೆ ಗಡಿ ದಾಟಿದೊಡನೆ ಆಯಾ ದೇಶದ ಸಂಚಾರ ನಿಯಮ ಅನ್ವಯ. ಜರ್ಮನಿಯಲ್ಲಿ ವಿಶೇಷ ಅನುಮತಿಯಿಲ್ಲದ ಟ್ರೈಲರ್‌ಗೆ ಆಟೋಬಾನ್ ಎಂಬ ಹೆದ್ದಾರಿಯಲ್ಲೂ ಗಂಟೆಗೆ 80 ಕಿಲೋಮೀಟರ್ ಮಿತಿ. ಅನೇಕ ದೇಶಗಳಿಗೆ ಹೋಗುವಾಗ 750 ಕಿಲೋ ಮೀರಿದ ವಾಣಿಜ್ಯ ಟ್ರೈಲರ್‌ಗಳನ್ನು ಬ್ರಿಟನ್ನಿನಲ್ಲೇ ಮೊದಲು ನೋಂದಾಯಿಸಬೇಕು. 3,500 ಕಿಲೋ ಒಳಗಿನ ಸ್ವಂತ ಬಳಕೆಯ ಕ್ಯಾರವಾನ್‌ಗೆ ಅದು ಕಡ್ಡಾಯವಲ್ಲ.